‘ಕಾಲು ಕಲ್ಲಾಗುತ್ತೆ’ ಅನ್ನುವುದಕ್ಕೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ನನ್ನ ಮಗಳಿಗೆ 16 ವರ್ಷ, 1500 ಮೀಟರ್ ಓಡುತ್ತಾಳೆ. ಹೋದ ವರ್ಷ ಪೂರ್ತಿ ‘ಓಡ್ತಾ ಓಡ್ತಾ ಕಾಲು ಕಲ್ಲಾಗುತ್ತೆ ಅಮ್ಮಾ’ ಅನ್ನುತ್ತಿದ್ದಳು. ಡಾಕ್ಟರ ಮುಂದೆ ಕೂತಾಗ ನಾನು ಅದನ್ನು ‘ಕಾಲು ನೋವು’ ಅಂತಲೇ ಹೇಳಿದೆ. ಎಕ್ಸ್‌ರೇ ಸರಿಯಿತ್ತು. ಎರಡು ವಾರ ರೆಸ್ಟ್, ಮತ್ತೆ ಓಟ, ಮತ್ತೆ ಅದೇ ನೋವು. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು. ‘ಮೊದಲು ಕಲ್ಲಾಗುತ್ತೆ, ಆಮೇಲೆ ಪಾದ ಜೋಮು ಹಿಡಿಯುತ್ತೆ, ನಿಂತರೆ ಹತ್ತು ನಿಮಿಷದಲ್ಲಿ ಹೋಗುತ್ತೆ’ ಅಂದಳು. ದಾರಿ ಸಿಕ್ಕಿದ್ದು ಆ ಮಾತಿನಿಂದಲೇ.

ಈಗ ಮೈದಾನದಲ್ಲಿ ಓಡುವ ಬೇರೆ ಮಕ್ಕಳಿಗಾಗಿ ಕಾಲು ನೋವಿನ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಜಾಗದ ಹೆಸರು. ನಮ್ಮಲ್ಲಿ ಸೊಂಟದ ಕೆಳಗಿನದ್ದೆಲ್ಲ ಕಾಲೇ ಅಲ್ವಾ? ‘ಮೊಣಕಾಲು’ ಅಂದರೆ ಮಂಡಿ ಅಂದುಕೊಳ್ಳುತ್ತಾರೆ. ಹಿಂದಿನ ಮಾಂಸಕ್ಕೆ ‘ಮೀನಖಂಡ’ ಅನ್ನುವ ಚೆಂದದ ಪದ ಇದೆ. ಮುಂದಿನ ಎಲುಬಿನ ಭಾಗಕ್ಕೆ ‘ಕಣಕಾಲು’ ಅಂತ ಬರೆದೆ. ನಮ್ಮತ್ತೆ ಅದು ಪಾದದ ಗಂಟು ಅಂದರು. ತಮಿಳಿನ ‘ಕಣುಕ್ಕಾಲ್’ ಕೂಡ ಪಾದದ ಗಂಟೇ, ‘ಕಣು’ ಅಂದರೆ ಕಬ್ಬಿನ ಗಿಣ್ಣು. ನಿಮ್ಮ ಕಡೆ ಕಣಕಾಲು ಅಂದರೆ ಯಾವುದು?

ಇನ್ನು ನೋವಿನ ಬಗೆ. ಶಿನ್ ಸ್ಪ್ಲಿಂಟ್ಸ್ ಅನ್ನುವುದರಲ್ಲಿ ಮಂಡಿಯ ಕೆಳಗಿನ ಆ ಮುಂದಿನ ಎಲುಬಿನ ಒಳ ಅಂಚಿನ ಉದ್ದಕ್ಕೂ, 5 ಸೆಂಟಿಮೀಟರೋ ಅದಕ್ಕಿಂತ ಜಾಸ್ತಿಯೋ, ಒತ್ತಿದರೆ ನೋಯುತ್ತದೆ. ಇದಕ್ಕೆ ‘ಹಬ್ಬಿದ ನೋವು’ ಅಂದಿದ್ದೇನೆ. ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಓಡಿ ಓಡಿ ಮೂಳೆ ಸಣ್ಣಗೆ ಬಿರುಕು ಬಿಡುವುದು, ಆದರೆ ನೋವಿನ ಜಾಗವನ್ನು ಒಂದೇ ಬೆರಳಲ್ಲಿ ತೋರಿಸಬಹುದು. ಜಾಸ್ತಿಯಾದರೆ ರಾತ್ರಿ ಮಲಗಿದಾಗಲೂ ನೋಯುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗಬಹುದು. ‘ಮುರಿತ’ ಅಂದರೆ ಮನೆಯವರು ಹೆದರುತ್ತಾರೆ, ಅದಕ್ಕೇ ‘ಮೂಳೆಯ ಬಿರುಕು’ ಅಂತ ಬರೆದೆ.

ಕಷ್ಟವಾಗಿರುವುದು ನನ್ನ ಮಗಳಿಗಿದ್ದ ತೊಂದರೆಯದ್ದು, ಓಟದಿಂದ ಬರುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮಂಡಿಯ ಕೆಳಗೆ ಮಾಂಸಖಂಡಗಳು ನಾಲ್ಕು ಗುಂಪಾಗಿವೆ. ಒಂದೊಂದರ ಸುತ್ತ ಗಟ್ಟಿ ಪೊರೆ. ಓಡುವಾಗ ಮಾಂಸ ಉಬ್ಬುತ್ತದೆ, ಪೊರೆ ಅಷ್ಟು ಹಿಗ್ಗುವುದಿಲ್ಲ, ಒಳಗೆ ಒತ್ತಡ ಏರುತ್ತದೆ. ಓಟದ ಮೊದಲು ಮತ್ತು ಆಮೇಲೆ ಸೂಜಿ ಹಾಕಿ ಅಳೆಯುತ್ತಾರೆ. ನಿಂತ 1 ನಿಮಿಷಕ್ಕೆ ಒತ್ತಡ 30 ಎಂಎಂಎಚ್‌ಜಿ (ಬಿಪಿ ಅಳೆಯುವ ಅದೇ ಮಾನ) ಅಥವಾ ಜಾಸ್ತಿ ಇದ್ದರೆ ಇದೇ ಇರಬಹುದು ಅಂತ ಲೆಕ್ಕ. ಈ ‘ಕಂಪಾರ್ಟ್‌ಮೆಂಟ್’ಗೆ ‘ವಿಭಾಗ’ ಅಂದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಕಿತ್ತಳೆ ಬಿಡಿಸುವಾಗ ಹೊಳೆಯಿತು: ‘ತೊಳೆ’! ಸುತ್ತ ಪೊರೆ, ಒಳಗೆ ತುಂಬಿದ ತಿರುಳು. ‘ಕಾಲಿನ ನಾಲ್ಕು ತೊಳೆಗಳು’ ಅಂದರೆ ಒಪ್ಪುತ್ತದೆಯೇ?

ಕಾಲು ಕಲ್ಲಾಗುವ ಆ ಅನುಭವಕ್ಕೆ ‘ಸೆಳೆತ’ ಖಂಡಿತ ಬೇಡ, ಅದು ಥಟ್ಟನೆ ಹಿಡಿದು ಬಿಡುವಂಥದ್ದು. ‘ಬಿಗಿತ’ ಹತ್ತಿರ ಬರುತ್ತದೆ, ಆದರೆ ಬೆಳಿಗ್ಗೆ ಎದ್ದಾಗ ಮೈ ಹಿಡಿದುಕೊಳ್ಳುವುದಕ್ಕೂ ಅದನ್ನೇ ಅನ್ನುತ್ತೇವೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆ ಬೇರೆ ಮಾತು ಇದೆಯೇ? ನಿಮ್ಮ ಮನೆಯಲ್ಲಿ ಓಡುವ ಮಕ್ಕಳಿದ್ದರೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೆಯೇ, ತಿದ್ದದೆ ಬರೆದು ಕಳಿಸಿ.