ಅಪ್‌ಡೇಟ್: ಮಾರಿದ್ದ ಗಿಟಾರ್ ವಾಪಸ್ ಬಂತು!

ಮಾರಿದ ಹಳೇ ಅಕೌಸ್ಟಿಕ್ ಗಿಟಾರ್ ತುಂಬಾ ಕಾಡ್ತಿದೆ, ಕೊಂಡವರ ಹತ್ರ ವಾಪಸ್ ಕೇಳೋದು ಸರಿನಾ ಅಂತ ನಿಮ್ಮನ್ನ ಕೇಳಿದ್ದೆ. ಒತ್ತಾಯ ಮಾಡದೆ ಒಂದ್ಸಲ ಕೇಳಿ ನೋಡಿ ಅಂದಿದ್ರಿ. ಕೇಳಿದೆ. ಮಗಳಿಗೆ ಅಂತ ತಗೊಂಡಿದ್ರಂತೆ, ಅವಳು ಈಗ ಕೀಬೋರ್ಡ್ ಕಲೀತಿದ್ದಾಳೆ. ಕೊಟ್ಟ ಬೆಲೆಗೇ ವಾಪಸ್ ಕೊಟ್ರು, ದೊಡ್ಡ ಮನಸ್ಸು ಅವರದ್ದು.

ಸೌಂಡ್‌ಹೋಲ್ (ಗಿಟಾರ್ ಮುಂಭಾಗದ ದುಂಡು ರಂಧ್ರ) ಒಳಗಿನ ಸೀರಿಯಲ್ ನಂಬರ್ ನೋಡೋ ಮುಂಚೆನೇ ಪಿಕ್‌ಗಾರ್ಡ್ (ಮೀಟುವಾಗ ಮರಕ್ಕೆ ಗೀರು ಬೀಳದಂತೆ ಅಂಟಿಸಿರೋ ತೆಳು ಹಾಳೆ) ಪಕ್ಕದ ಗೀರು ನೋಡಿ ನಂದೇ ಅಂತ ಗೊತ್ತಾಯ್ತು. ಆದ್ರೆ ಅದರ ಸ್ಥಿತಿ ನೋಡಿ ಕರುಳು ಚುರುಕ್ ಅಂತು. ಒಣಹವೆಯಲ್ಲಿ ಸ್ಟ್ಯಾಂಡ್ ಮೇಲೇ ಇದ್ದು ಫ್ರೆಟ್‌ಬೋರ್ಡ್ (ಬೆರಳಿಟ್ಟು ತಂತಿ ಒತ್ತೋ ಮರದ ಪಟ್ಟಿ) ಕುಗ್ಗಿತ್ತು, ಅದರ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್‌ಗಳ ತುದಿಗಳು ಕೈಗೆ ಚುಚ್ತಿದ್ವು. ಟಾಪ್, ಅಂದ್ರೆ ಮುಂಭಾಗದ ಹಲಗೆ, ಸ್ವಲ್ಪ ತಗ್ಗಿ ತಂತಿಗಳು ಫ್ರೆಟ್‌ಗೆ ತಾಗಿ ಬಝ್ ಅಂತ ಸದ್ದು ಮಾಡ್ತಿದ್ವು. ಬಿರುಕು ಬಿಟ್ಟಿರಲಿಲ್ಲ, ಅದೇ ಪುಣ್ಯ.

ಇಂಥ ಗಿಟಾರ್ ನಿಮ್ಮ ಕೈಗೆ ಬಂದ್ರೆ ದಯವಿಟ್ಟು ತಕ್ಷಣ ಟ್ರಸ್ ರಾಡ್ (ಗಿಟಾರ್ ಕುತ್ತಿಗೆಯ ಬಾಗು ಸರಿಮಾಡೋಕೆ ಅದರೊಳಗಿರೋ ಲೋಹದ ಸರಳು) ತಿರುಗಿಸೋಕೆ ಹೋಗ್ಬೇಡಿ. ಮೊದಲು ಕೇಸ್ ಒಳಗೆ ಗಾಳಿಗೆ ತೇವ ಕೊಡೋ ಹ್ಯೂಮಿಡಿಫೈಯರ್ ಇಟ್ಟು ತೇವಾಂಶವನ್ನ ಶೇ. 45ರಿಂದ 55ರ ನಡುವೆ ತನ್ನಿ, ತೇವಾಂಶ ಅಳೆಯೋ ಹೈಗ್ರೋಮೀಟರ್ ಇಟ್ಕೊಂಡು ನೋಡ್ತಿರಿ. ಮರ ನಿಧಾನಕ್ಕೆ ತೇವ ಹೀರ್ಕೊಂಡು ಮೊದಲಿನ ಆಕಾರಕ್ಕೆ ಬರುತ್ತೆ, ಅವಸರ ಮಾಡಿದ್ರೆ ಕೆಟ್ಟೀತು. ನನ್ನದರಲ್ಲಿ ಫ್ರೆಟ್ ತುದಿಗಳನ್ನ ಅರ ಹಾಕಿ ಉಜ್ಜೋ ಪ್ರಮೇಯವೇ ಬರಲಿಲ್ಲ. ಬಝ್ ಕೂಡ ಹೋಯ್ತು. ಆಮೇಲೆ ಹೊಸ ಫಾಸ್ಫರ್ ಬ್ರಾಂಝ್ ತಂತಿ ಹಾಕಿದೆ, ಅಷ್ಟೇ.

ಅತಿ ದಪ್ಪವಾದ ಆರನೇ ತಂತಿಯನ್ನ ಇ ಸ್ವರದಿಂದ ಡಿಗೆ ಇಳಿಸಿ (ಇದನ್ನೇ ಡ್ರಾಪ್ ಡಿ ಅಂತಾರೆ) ಮೀಟಿದ್ರೆ ಆ ನಾದ ಎದೆಗೇ ತಾಗುತ್ತೆ. ಇದರ ಬದಲಿಗೆ ಕೊಂಡಿದ್ದ ಹೊಸ ಗಿಟಾರ್‌ನಲ್ಲಿ ಅದು ಸಿಕ್ಕಿರಲೇ ಇಲ್ಲ. ಆ ಹೊಸದನ್ನ ತಂಗಿಗೆ ಕೊಟ್ಟಿದ್ದೀನಿ. ಧೈರ್ಯ ತುಂಬಿದ ಎಲ್ಲರಿಗೂ ಥ್ಯಾಂಕ್ಸ್.