ಪಿಕಪ್‌ನ ಫ್ಯಾಕ್ಟರಿ ಟ್ರೈಲರ್ ಬ್ರೇಕ್ ಕಂಟ್ರೋಲರ್ ಕೈಕೊಟ್ಟಿದೆ: ಮಾಡ್ಯೂಲ್ ಬದಲಿಸಬೇಕೋ, ಹೊರಗಿನದು ಹಾಕಬೇಕೋ?

ಹಿಚ್‌ಬಾಲ್:
ಎಲ್ಲರಿಗೂ ನಮಸ್ಕಾರ. ಗಾಡಿ 2017ರ ಹಾಫ್-ಟನ್ ಪಿಕಪ್, ಟೆಕ್ಸಾಸ್ ರಿಜಿಸ್ಟ್ರೇಶನ್. ಟ್ರೈಲರ್‌ನ ಬ್ರೇಕ್‌ಗೆ ಕರೆಂಟ್ ಕೊಟ್ಟು ಹಿಡಿಸುವ ಬ್ರೇಕ್ ಕಂಟ್ರೋಲರ್ ಕಾರ್ಖಾನೆಯಿಂದಲೇ ಡ್ಯಾಶ್‌ನಲ್ಲಿ ಕೂತು ಬಂದದ್ದು. ಎಳೆಯುವುದು ಎರಡು ಆಕ್ಸಲ್‌ನ ಟ್ರಾವೆಲ್ ಟ್ರೈಲರ್. ಸಾಮಾನು ತುಂಬಿದರೆ 6,200 ಪೌಂಡ್, ನಾಲ್ಕೂ ಚಕ್ರಕ್ಕೆ 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್.

ಟ್ರೈಲರ್ ಬ್ರೇಕ್ ದೋಷ ಅಂತ ಡ್ಯಾಶ್‌ನಲ್ಲಿ ಆಗಾಗ ಸಂದೇಶ ಬರುತ್ತಿದೆ. ಕಂಟ್ರೋಲರ್‌ನ ಕೈಲಿವರ್ ಒತ್ತಿದರೂ ಟ್ರೈಲರ್ ಬ್ರೇಕ್ ಹಿಡಿಯುವುದಿಲ್ಲ. ಲೈಟು, ಇಂಡಿಕೇಟರು ಎಲ್ಲ ಸರಿ ಇವೆ. ಹಿಂದಿನ 7 ಪಿನ್ ಸಾಕೆಟ್‌ನ ಬ್ರೇಕ್ ಪಿನ್‌ಗೆ ಮೀಟರ್ ಇಟ್ಟರೆ ಸೊನ್ನೆ. ಮಾಡ್ಯೂಲೇ (ಕಂಟ್ರೋಲರ್‌ನ ಎಲೆಕ್ಟ್ರಾನಿಕ್ ಘಟಕ) ಹೋಗಿದೆ, ಬದಲಿಸಿ ಅನ್ನುತ್ತಾರೆ ವರ್ಕ್‌ಶಾಪ್‌ನವರು. ಹೊಸ ಮಾಡ್ಯೂಲ್ ಹಾಕುವುದೋ, ಬೇರೆ ಕಂಪನಿಯ ಕಂಟ್ರೋಲರ್ ಹಾಕುವುದೋ?

ನೀಲಿವೈರ್:
ಸರ್, ದುಡ್ಡು ಬಿಚ್ಚುವ ಮೊದಲು ಮಾಡ್ಯೂಲೇ ಹೋಗಿದೆ ಅಂತ ಖಚಿತ ಮಾಡಿಕೊಳ್ಳಿ. ನಿಮ್ಮ ಸೊನ್ನೆ ರೀಡಿಂಗ್‌ನಿಂದ ಏನೂ ಗೊತ್ತಾಗುವುದಿಲ್ಲ. ಫ್ಯಾಕ್ಟರಿ ಕಂಟ್ರೋಲರ್ ಮೊದಲು ಟ್ರೈಲರ್ ಇದೆಯೋ ಇಲ್ಲವೋ ಅಂತ ಲೋಡ್ ನೋಡುತ್ತದೆ. ಬ್ರೇಕ್ ಮ್ಯಾಗ್ನೆಟ್ (ಕರೆಂಟ್ ಬಂದಾಗ ಡ್ರಮ್ ಬ್ರೇಕ್ ಹಿಡಿಸುವ ವಿದ್ಯುತ್ಕಾಂತ) ಕಾಣದಿದ್ದರೆ ಔಟ್‌ಪುಟ್ ಕೊಡುವುದೇ ಇಲ್ಲ. ಕೊಟ್ಟರೂ ಅದು ಪಲ್ಸ್‌ಗಳಾಗಿ ಬರುವುದರಿಂದ ಸಾಧಾರಣ ಮೀಟರ್ ಯಾವುದೋ ಸರಾಸರಿ ತೋರಿಸುತ್ತದೆ, ಅದನ್ನು ನಂಬುವ ಹಾಗಿಲ್ಲ.

ಸಂದೇಶವನ್ನು ಇನ್ನೊಮ್ಮೆ ಸರಿಯಾಗಿ ಓದಿ. ಮಾಡ್ಯೂಲ್ ದೋಷ ಅನ್ನುವುದೇ ಬೇರೆ, ಟ್ರೈಲರ್ ವೈರಿಂಗ್ ದೋಷ ಅನ್ನುವುದೇ ಬೇರೆ. ಎರಡನೆಯದಾದರೆ ನೀಲಿ ಬ್ರೇಕ್ ವೈರ್ ಎಲ್ಲೋ ಶಾರ್ಟ್ ಆಗಿದೆ, ಮಾಡ್ಯೂಲ್ ತನ್ನನ್ನು ಉಳಿಸಿಕೊಳ್ಳಲು ಔಟ್‌ಪುಟ್ ನಿಲ್ಲಿಸಿದೆ ಎಂದರ್ಥ. ಟ್ರೈಲರ್ ಪ್ಲಗ್ ಕಳಚಿ ಖಾಲಿ ಗಾಡಿ ಓಡಿಸಿ. ಆಗಲೂ ಸಂದೇಶ ಬಂದರೆ ತೊಂದರೆ ಗಾಡಿಯಲ್ಲಿದೆ. ಬರದಿದ್ದರೆ ಟ್ರೈಲರ್ ಕಡೆ ಹುಡುಕಿ.

ಟ್ರೈಲರ್ ಕಡೆ ಹೀಗೆ ನೋಡಿ. 10 ಇಂಚಿನ ಬ್ರೇಕ್‌ನ ಒಂದು ಮ್ಯಾಗ್ನೆಟ್ ಸುಮಾರು 3.2 ಓಮ್. ನಾಲ್ಕು ಪ್ಯಾರಲಲ್ ಇರುವುದರಿಂದ ಪ್ಲಗ್‌ನ ನೀಲಿ (ಬ್ರೇಕ್) ಮತ್ತು ಬಿಳಿ (ಗ್ರೌಂಡ್) ವೈರ್‌ಗಳ ನಡುವೆ 0.8 ಓಮ್ ಸಿಗಬೇಕು. ಮೀಟರ್‌ನ ಎರಡು ಪ್ರೋಬ್ ತಾಗಿಸಿ ಬರುವ 0.2, 0.3 ಅನ್ನು ಕಳೆಯಲು ಮರೆಯಬೇಡಿ. ಒಂದು ಮ್ಯಾಗ್ನೆಟ್ ಕಡಿದಿದ್ದರೆ 1.07 ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಅಗ್ಗದ ಮೀಟರ್‌ಗೆ ಸಿಗುವುದು ಕಷ್ಟ. ಡಿಸಿ ಕ್ಲ್ಯಾಂಪ್ ಮೀಟರ್ ಇದ್ದರೆ 12 ವೋಲ್ಟ್ ಬ್ಯಾಟರಿಯಿಂದ ನೀಲಿ ವೈರ್‌ಗೆ ಕರೆಂಟ್ ಕೊಟ್ಟು ನೋಡಿ: ಮ್ಯಾಗ್ನೆಟ್‌ಗೆ 3 ಆಂಪ್‌ನ ಲೆಕ್ಕದಲ್ಲಿ 12 ಆಂಪ್ ಅಥವಾ ಸ್ವಲ್ಪ ಹೆಚ್ಚು. 9ರ ಹತ್ತಿರ ನಿಂತರೆ ಒಂದು ಚಕ್ರ ಕೆಲಸ ಮಾಡುತ್ತಿಲ್ಲ.

ಓಮ್ ಹೆಚ್ಚುಕಡಿಮೆ ಸೊನ್ನೆ ಬಂದರೆ ಮೊದಲು ಆಕ್ಸಲ್ ಕೊಳವೆಯ ಒಳಗೆ ನೋಡಿ. ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗುವ ವೈರ್ ಅಲ್ಲಿ ಸಡಿಲವಾಗಿ ಬಿದ್ದಿರುತ್ತದೆ, ಕುಲುಕಾಟಕ್ಕೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆಯುತ್ತದೆ. ಹಳ್ಳ ಬಂದಾಗ ಮಾತ್ರ ತಾಗುವುದರಿಂದ ಸಂದೇಶವೂ ಆಗಾಗ ಮಾತ್ರ ಬರುತ್ತದೆ.

ಬ್ರೇಕ್‌ಅವೇ ಪಿನ್ (ಟ್ರೈಲರ್ ಗಾಡಿಯಿಂದ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ಸ್ವಿಚ್‌ನ ಪಿನ್) ಎಳೆದು ಪರೀಕ್ಷಿಸುವುದಾದರೆ 7 ಪಿನ್ ಪ್ಲಗ್ ಕಳಚಿಯೇ ಎಳೆಯಿರಿ. ಇಲ್ಲದಿದ್ದರೆ ಟ್ರೈಲರ್ ಬ್ಯಾಟರಿಯ ವೋಲ್ಟೇಜ್ ನೀಲಿ ವೈರ್‌ನಲ್ಲಿ ಹಿಂದಕ್ಕೆ ಹೋಗಿ ಕಂಟ್ರೋಲರ್ ಸುಡಬಹುದು.

ಕಿಲುಬು:
ನೀಲಿವೈರ್ ಹೇಳಿದ್ದು ಸರಿ. ಗಾಡಿಯ ಕಡೆಯದನ್ನು ನಾನು ಸೇರಿಸುತ್ತೇನೆ.

ಬಂಪರ್‌ನ 7 ಪಿನ್ ಸಾಕೆಟ್‌ನ ಹಿಂಬದಿ ಕನೆಕ್ಟರ್ ಕಳಚಿ ನೋಡಿ. ನೀರು ಒಳಗೆ ಹೋಗಿ ಹಸಿರು ಕಿಲುಬು ಹಿಡಿದಿರುವುದು ತುಂಬಾ ಸಾಮಾನ್ಯ, ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಿಲುಬು ಪಕ್ಕದ ಪಿನ್‌ಗೆ ಹರಡಿದರೆ ಟ್ರೈಲರ್ ಇಲ್ಲದೆಯೂ ಶಾರ್ಟ್ ಅಂತ ತೋರಿಸುತ್ತದೆ. ಸಾಕೆಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಕೂರಿಸುವಾಗ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ.

ಅದು ಚೊಕ್ಕವಾಗಿದ್ದರೆ ಬಾನೆಟ್ ಕೆಳಗಿನ ಟ್ರೈಲರ್ ಬ್ರೇಕ್ ಫ್ಯೂಸ್ ನೋಡಿ, ಹೆಚ್ಚಾಗಿ 30 ಆಂಪ್. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಡ್ಯಾಶ್ ಪ್ಯಾನೆಲ್ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಕ್ಲಿಪ್ ಮುರಿಯುತ್ತದೆ. ಮಾಡ್ಯೂಲ್ ಕನೆಕ್ಟರ್ ಬಿಚ್ಚಿ ನೀಲಿ ವೈರ್‌ನ ಈ ತುದಿಯಿಂದ ಹಿಂದಿನ ಸಾಕೆಟ್‌ವರೆಗೆ ಅಳೆಯಿರಿ: 0.5 ಓಮ್‌ಗಿಂತ ಕಡಿಮೆ ಇರಬೇಕು. ಅದೇ ವೈರ್‌ನಿಂದ ಚಾಸಿಗೆ ಪೂರ್ತಿ ಓಪನ್, ಅಂದರೆ ಸಂಪರ್ಕವೇ ಇಲ್ಲ ಅಂತ ತೋರಿಸಬೇಕು. ನೆಗೆಟಿವ್ ಮತ್ತೆ ಹಾಕಿ, ಕನೆಕ್ಟರ್‌ನ ಪವರ್ ಮತ್ತು ಗ್ರೌಂಡ್ ನಡುವೆ 55 ವಾಟ್‌ನ ಹಳೆಯ ಹೆಡ್‌ಲೈಟ್ ಬಲ್ಬ್ ಉರಿಸಿ. ಕಿಲುಬು ಹಿಡಿದ ವೈರ್ ಕೂಡ ಮೀಟರ್‌ಗೆ 12 ವೋಲ್ಟ್ ತೋರಿಸುತ್ತದೆ, ಬಲ್ಬ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ.

ಹಿಚ್‌ಬಾಲ್:
ಇಬ್ಬರಿಗೂ ಧನ್ಯವಾದ. ಅಳತೆಗಳು ಇವು. ಟ್ರೈಲರ್ ಕಡೆ ಪ್ರೋಬ್ ಕಳೆದು 0.8 ಓಮ್, ಬ್ಯಾಟರಿಯಿಂದ 12.4 ಆಂಪ್. ಪ್ಲಗ್ ಕಳಚಿದರೂ ಸಂದೇಶ ಬರುತ್ತದೆ, ಮಾಡ್ಯೂಲ್ ದೋಷ ಅಂತಲೇ ಇದೆ. ಸಾಕೆಟ್ ಚೊಕ್ಕವಾಗಿದೆ. ನೀಲಿ ವೈರ್ 0.3 ಓಮ್, ಚಾಸಿಗೆ ಓಪನ್. ಬಲ್ಬ್ ಜೋರಾಗಿ ಉರಿಯಿತು, 12.1 ವೋಲ್ಟ್‌ಗಿಂತ ಇಳಿಯಲಿಲ್ಲ.

ಘಟ್ಟದಿಳಿಜಾರು:
ಹಾಗಾದರೆ ಮಾಡ್ಯೂಲೇ. ನನ್ನ ಸಲಹೆ ಹೊಸ ಫ್ಯಾಕ್ಟರಿ ಮಾಡ್ಯೂಲ್. ಕಾರಣ ಇದೆ: ಅದು ಗಾಡಿಯ ಬ್ರೇಕ್ ಒತ್ತಡವನ್ನು ನೋಡಿ ಟ್ರೈಲರ್ ಹಿಡಿಯುತ್ತದೆ, ಎಬಿಎಸ್ ಜೊತೆ ಮಾತಾಡುತ್ತದೆ. ಟ್ರೈಲರ್ ಓಲಾಡಿದಾಗ ಗಾಡಿ ತಾನಾಗಿ ಟ್ರೈಲರ್ ಬ್ರೇಕ್ ಹಾಕುವುದೂ ಅದರ ಮೂಲಕವೇ. ಹೊರಗಿನ ಕಂಟ್ರೋಲರ್‌ಗೆ ಆ ಸಂಪರ್ಕ ಇರುವುದಿಲ್ಲ.

ಹಳೆಯದರ ಮೇಲಿನ ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ ತರಿಸಿ. ಗುಜರಿಯಿಂದ ತಂದದ್ದಕ್ಕೆ ಬೇರೆ ಗಾಡಿಯ ಸೆಟ್ಟಿಂಗ್ ಇರಬಹುದು. ತೆಗೆಯುವ ಮೊದಲು ಸ್ಕ್ಯಾನ್ ಟೂಲ್ ಹಾಕಿ ಹಳೆಯ ಮಾಡ್ಯೂಲ್‌ನ ಕಾನ್ಫಿಗರೇಶನ್ ಮತ್ತು ಕೋಡ್‌ಗಳನ್ನು ಉಳಿಸಿಕೊಳ್ಳಿ. ಫೋರ್ಡ್ ಆದರೆ ಫೋರ್‌ಸ್ಕ್ಯಾನ್ ಸಾಫ್ಟ್‌ವೇರ್‌ನಲ್ಲಿ ಇದು ಮನೆಯಲ್ಲೇ ಆಗುತ್ತದೆ. ಕಾನ್ಫಿಗರೇಶನ್ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿರಿ. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಮಾಡ್ಯೂಲೂ ಅರ್ಧಕ್ಕೆ ನಿಲ್ಲುತ್ತದೆ.

ಕಿಲುಬು:
ಮಾಡ್ಯೂಲ್ ಸಿಗುವುದು ತಡವಾದರೆ ಹೊರಗಿನ ಕಂಟ್ರೋಲರ್‌ಗಳಲ್ಲಿ ಟೆಕೋನ್ಶಾ ಪ್ರಾಡಿಜಿ ಪಿ3 ಒಳ್ಳೆಯದೇ. ನಾಲ್ಕೇ ವೈರ್: ಕಪ್ಪು ಬ್ಯಾಟರಿಗೆ, ಬಿಳಿ ಗ್ರೌಂಡ್‌ಗೆ, ಕೆಂಪು ಬ್ರೇಕ್ ಲೈಟ್ ಸಿಗ್ನಲ್‌ಗೆ, ನೀಲಿ ಟ್ರೈಲರ್‌ಗೆ. ಎರಡು ಆಕ್ಸಲ್‌ಗೆ 20 ಆಂಪ್‌ನ ತಾನಾಗಿ ಮರುಸೇರುವ ಸರ್ಕ್ಯೂಟ್ ಬ್ರೇಕರ್ ಸಾಕು. ಹಳೆಯ ಮಾಡ್ಯೂಲ್‌ನಿಂದ ನೀಲಿ ವೈರ್ ಕಡಿದೇ ಜೋಡಿಸಬೇಕು, ಎರಡೂ ಒಂದೇ ವೈರ್‌ನಲ್ಲಿ ಇರಕೂಡದು. ಪೆಡಲ್ ಸ್ವಿಚ್‌ನ ವೈರ್‌ಗೆ ಸುಮ್ಮನೆ ಟ್ಯಾಪ್ ಹಾಕಿದರೆ ಈಗಿನ ಗಾಡಿಗಳಲ್ಲಿ ಬೇರೆ ದೋಷ ಎದ್ದೀತು, ಆ ಮಾದರಿಯ ಅಡಾಪ್ಟರ್ ಹಾರ್ನೆಸ್ ಕೊಳ್ಳಿ.

ವೈರ್ ಕಡಿಯದೆ 7 ಪಿನ್‌ನ ಸಾಕೆಟ್ ಮತ್ತು ಪ್ಲಗ್ ನಡುವೆ ಸಿಕ್ಕಿಸುವ ಕರ್ಟ್ ಎಕೋ ಕಂಟ್ರೋಲರ್ ಕೂಡ ಇದೆ. ಸಾಕೆಟ್‌ನ 12 ವೋಲ್ಟ್ ಪಿನ್‌ನಲ್ಲಿ ಕರೆಂಟ್ ಇರಲೇಬೇಕು.

ಘಟ್ಟದಿಳಿಜಾರು:
ಎಕೋ ಬಗ್ಗೆ ನನಗೆ ಒಪ್ಪಿಗೆ ಇಲ್ಲ ಮಾರಾಯ್ರೇ. ಅದರಲ್ಲಿ ಕೈಯಿಂದ ಟ್ರೈಲರ್ ಬ್ರೇಕ್ ಹಾಕುವ ಬಟನ್ ಇರುವುದು ಫೋನಿನಲ್ಲಿ. ಟ್ರೈಲರ್ ಓಲಾಡುವಾಗ ಕಣ್ಣು ರಸ್ತೆಯಲ್ಲೇ ಇಟ್ಟು ಕೈಗೆ ಸಿಗುವ ಲಿವರ್ ಬೇಕು. ಟೆಕ್ಸಾಸ್‌ನಲ್ಲಿ 4,500 ಪೌಂಡ್ ಮೀರಿದ ಟ್ರೈಲರ್‌ಗೆ ಬ್ರೇಕ್ ಕಡ್ಡಾಯ. ಯಾವುದೋ ಒಂದು ಕಂಟ್ರೋಲರ್ ಕೂರುವವರೆಗೆ ಎಳೆಯಬೇಡಿ.

ಕೂರಿಸಿದ ಮೇಲೆ ಒಣಗಿದ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 20ರಿಂದ 25 ಮೈಲಿ ವೇಗದಲ್ಲಿ ಬರೀ ಕೈಲಿವರ್ ಪೂರ್ತಿ ಒತ್ತಿ. ಗೇನ್ (ಟ್ರೈಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕೆಂಬ ಸೆಟ್ಟಿಂಗ್) ಕಡಿಮೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. ಟ್ರೈಲರ್ ಚಕ್ರ ಕಚ್ಚಿ ಜಾರಿದ ತಕ್ಷಣ ಅದಕ್ಕಿಂತ ಸ್ವಲ್ಪ ಇಳಿಸಿ. ಕೊನೆಯವರೆಗೆ ಏರಿಸಿದರೂ ಹಿಡಿತ ಬರದಿದ್ದರೆ ಕಂಟ್ರೋಲರ್ ಮೇಲೆ ಅನುಮಾನ ಬೇಡ, ಡ್ರಮ್‌ನ ಹಿಂದಿನ ಸ್ಟಾರ್ ಚಕ್ರ ತಿರುಗಿಸಿ ಶೂ ಸಣ್ಣಗೆ ಉಜ್ಜುವಷ್ಟು ಬಿಗಿ ಮಾಡಿ. ಮಳೆಯಲ್ಲಿ, ಟ್ರೈಲರ್‌ನ ನೀರಿನ ಟ್ಯಾಂಕ್ ಖಾಲಿ ಇದ್ದಾಗ ಗೇನ್ ಮತ್ತೆ ಹೊಂದಿಸಬೇಕು.