ಎಂಜಿನ್ ಜೊತೆ ಏರುವ ಕೀರಲು, ಘಟ್ಟದಲ್ಲಿ ಆರುವ ಸ್ಟೀರಿಯೊ

ಪ್ರಶ್ನೆ, ಕಾರವಾರ ಕೋಡಿಬಾಗದಿಂದ:
ನಮಸ್ಕಾರ. ನನ್ನದು ಎಂಟು ವರ್ಷ ಹಳೆಯ ಸಣ್ಣ ಕಾರು. ಎರಡು ವರ್ಷಗಳ ಹಿಂದೆ ಹೊಸ ಸ್ಟೀರಿಯೊ ಹಾಕಿಸಿ, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಕೂರಿಸಿಕೊಂಡಿದ್ದೆ. ಈ ಮಳೆಗಾಲ ಮುಗಿದ ಮೇಲೆ ಮೂರು ತೊಂದರೆಗಳು ಶುರುವಾಗಿವೆ. ಎಂಜಿನ್ ಚಾಲೂ ಮಾಡಿದೊಡನೆ ಸ್ಪೀಕರಿನಲ್ಲಿ ಕೀರಲು ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದಂತೆ ಅದರ ಸ್ವರವೂ ಏರುತ್ತದೆ. ವಾಲ್ಯೂಮ್ ಹೆಚ್ಚಿಸಿದರೆ ಆಂಪ್ಲಿಫೈಯರಿನಲ್ಲಿ ಕೆಂಪು ದೀಪ ಹೊತ್ತಿ ಸದ್ದು ನಿಂತುಬಿಡುತ್ತದೆ. ಹುಬ್ಬಳ್ಳಿಗೆ ಹೋಗುವಾಗ ಅರಬೈಲು ಘಟ್ಟದ ತಿರುವುಗಳಲ್ಲಿ ಸ್ಟೀರಿಯೊ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಆಗ ಗಡಿಯಾರ ಹನ್ನೆರಡಕ್ಕೆ ಹಿಂದಿರುಗಿರುತ್ತದೆ. ಒಂದು ಅಂಗಡಿಯಲ್ಲಿ ಆಂಪ್ಲಿಫೈಯರ್ ಬದಲಿಸಿ ನಾಯ್ಸ್ ಫಿಲ್ಟರ್ ಹಾಕಬೇಕೆಂದರು. ಅದು ನಿಜವಾಗಿಯೂ ಅಗತ್ಯವೇ?

ಉತ್ತರ, ಕುಮಟಾದ ಆಟೋ ಎಲೆಕ್ಟ್ರಿಷಿಯನ್:
ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಸಾಕು.

ನೀವು ಕೊನೆಯಲ್ಲಿ ಹೇಳಿದ ಗಡಿಯಾರದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಸ್ಟೀರಿಯೊಗೆ ಸಾಮಾನ್ಯವಾಗಿ ಹಳದಿ ತಂತಿಯಲ್ಲಿ ಬ್ಯಾಟರಿಯ ನಿರಂತರ ಕರೆಂಟ್, ಕೆಂಪು ತಂತಿಯಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟ್, ಕಪ್ಪು ತಂತಿಯಲ್ಲಿ ಅರ್ಥ್, ಅಂದರೆ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಕರೆಂಟ್ ಮರಳುವ ದಾರಿ, ಇರುತ್ತದೆ. ಕೆಂಪು ತಂತಿಯೊಂದೇ ಕೈಕೊಟ್ಟಿದ್ದರೆ ಸೆಟ್ ಆರುತ್ತಿತ್ತೇ ಹೊರತು ಗಡಿಯಾರದ ನೆನಪು ಅಳಿಯುತ್ತಿರಲಿಲ್ಲ. ಅಳಿಯುತ್ತಿದೆ ಎಂದಾದರೆ ಹಳದಿ ಅಥವಾ ಕಪ್ಪು ತಂತಿಯ ಸಂಪರ್ಕ ಕ್ಷಣಕಾಲ ಕಡಿಯುತ್ತಿದೆ.

ಇನ್ನು ಕೀರಲು ಸದ್ದಿನ ಮೂಲ ಆಲ್ಟರ್ನೇಟರ್, ಅಂದರೆ ಎಂಜಿನ್ ಜೊತೆ ತಿರುಗುತ್ತ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಅದು ಹುಟ್ಟಿಸುವ ಎ.ಸಿ.ಯನ್ನು ಡಯೋಡುಗಳು ಡಿ.ಸಿ. ಮಾಡಿದರೂ ಅದರಲ್ಲಿ ಸಣ್ಣ ಏರಿಳಿತ ಉಳಿದೇ ಇರುತ್ತದೆ. ಸ್ಟೀರಿಯೊದ ಅರ್ಥ್ ಮತ್ತು ಡಿಕ್ಕಿಯ ಆಂಪ್ಲಿಫೈಯರಿನ ಅರ್ಥ್ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ, ಆ ಕರೆಂಟು ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹಾಡಿನ ಸಂಕೇತ ಒಯ್ಯುವ ಆರ್‌ಸಿಎ ಕೇಬಲಿನ ಹೊರಕವಚದ ಮೂಲಕ ಹರಿದು ಸಂಗೀತದೊಳಗೆ ಬೆರೆಯುತ್ತದೆ. ಆದ್ದರಿಂದ ನನ್ನ ಮೊದಲ ಅನುಮಾನ ಅರ್ಥ್ ಮೇಲೆಯೇ. ಮೂರೂ ತೊಂದರೆಗಳಿಗೆ ಅದೊಂದೇ ಕಾರಣವಿರಬಹುದು.

ಅರ್ಥ್ ಪರೀಕ್ಷಿಸಲು, ತಂತಿ ಕಡಿದಿಲ್ಲವೆಂದು ತಿಳಿಸುವ ಮೀಟರಿನ ಬೀಪ್ ಸದ್ದನ್ನು ನಂಬಬೇಡಿ. ಹತ್ತಾರು ಎಳೆಗಳಿರುವ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಕಿಲುಬು ಹಿಡಿದ ಜೋಡಣೆಯಲ್ಲಿ 0.05 ಓಮ್ ತಡೆಯಿದ್ದರೆ ಸಾಧಾರಣ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಅದರ ಮೂಲಕ 20 ಆಂಪಿಯರ್ ಹರಿದಾಗ ಪೂರ್ತಿ 1 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಹಾಗಾಗಿ ಹೊರೆ ಹಾಕಿಯೇ ಅಳೆಯಬೇಕು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹೊತ್ತಿರಲಿ, ಹಾಡು ಜೋರಾಗಿಯೇ ಇರಲಿ. ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಆಂಪ್ಲಿಫೈಯರಿನ ಅರ್ಥ್ ಸ್ಕ್ರೂಗೂ ಮುಟ್ಟಿಸಿ. ಕಡ್ಡಿಯ ತಂತಿ ಗಿಡ್ಡವಾದರೆ ಉದ್ದದ ವಯರನ್ನು ಜೋಡಿಸಿಕೊಳ್ಳಿ. 0.1 ವೋಲ್ಟಿನೊಳಗಿದ್ದರೆ ಅರ್ಥ್ ಚೆನ್ನಾಗಿದೆ, 0.5 ದಾಟಿದರೆ ದೋಷ ಅಲ್ಲಿಯೇ ಇದೆ. ಇದೇ ಪರೀಕ್ಷೆಯನ್ನು ಸ್ಟೀರಿಯೊದ ಕಪ್ಪು ತಂತಿಗೂ ಮಾಡಿ. ಬಳಿಕ ಬ್ಯಾಟರಿಯ ಪ್ಲಸ್ ಕಂಬಕ್ಕೂ ಸ್ಟೀರಿಯೊದ ಹಳದಿ ತಂತಿಗೂ ನಡುವೆ ಅಳೆಯಿರಿ.

ಡ್ಯಾಶ್‌ಬೋರ್ಡ್ ಬಿಚ್ಚುವಾಗ ಹಳದಿ ಕವಚದೊಳಗಿನ ತಂತಿಗುಚ್ಛ ಮತ್ತು ಹಳದಿ ಕನೆಕ್ಟರು ಕಂಡರೆ ಅದು ಏರ್‌ಬ್ಯಾಗಿನದು, ಅಲ್ಲಿ ಮೀಟರಿನ ಕಡ್ಡಿ ತಾಗಿಸಲೇಬಾರದು.

ಪ್ರಶ್ನೆ ಕೇಳಿದವರು:
ಅಳೆದೆ ಸರ್. ಆಂಪ್ಲಿಫೈಯರಿನ ಅರ್ಥ್‌ನಲ್ಲಿ 0.72 ವೋಲ್ಟ್ ಬಂದಿತು. ಸ್ಟೀರಿಯೊದ ಕಪ್ಪು ತಂತಿಯಲ್ಲಿ 0.05 ಮಾತ್ರ. ಆದರೆ ಹಳದಿ ತಂತಿಯಲ್ಲಿ 1.4 ತೋರಿಸಿತು, ಅದನ್ನು ಕೈಯಲ್ಲಿ ಅಲುಗಾಡಿಸಿದಾಗ ಸೆಟ್ ಆರಿ ಗಡಿಯಾರವೂ ಹನ್ನೆರಡಕ್ಕೆ ಹೋಯಿತು. ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿದರೆ ಅಡಿಯಲ್ಲಿ ತೇವ. ಅರ್ಥ್ ತಂತಿಯನ್ನು ಬಣ್ಣ ಕೆರೆಯದೆ ತಗಡಿನ ಸ್ಕ್ರೂವಿನಿಂದ ಬಿಗಿದಿದ್ದಾರೆ, ತಂತಿಯ ತುದಿ ಹಸಿರಾಗಿದೆ.

ಉತ್ತರ:
ಹಾಗಾದರೆ ನನ್ನ ಅಂದಾಜು ಅರ್ಧ ತಪ್ಪಿತು. ನಿಮ್ಮಲ್ಲಿರುವುದು ಒಂದಲ್ಲ, ಎರಡು ದೋಷಗಳು. ಕೀರಲು ಸದ್ದು ಡಿಕ್ಕಿಯ ಅರ್ಥ್‌ನದು, ಕೆಂಪು ದೀಪವೂ ಬಹುಶಃ ಅದರದೇ. ಗಡಿಯಾರದ ತೊಂದರೆ ಮಾತ್ರ ಹಳದಿ ತಂತಿಯ ಜೋಡಣೆಯದು. ತಂತಿಯನ್ನು ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿರುತ್ತಾರೆ; ಬಿಸಿಲಿಗೆ ನಿಂತ ಕಾರಿನ ಕಾವಿಗೆ ಟೇಪಿನ ಅಂಟು ಕರಗಿ, ನಮ್ಮ ಕಡೆಯ ಉಪ್ಪುಗಾಳಿ ಒಳಹೊಕ್ಕು, ತಾಮ್ರ ಕಿಲುಬುಗಟ್ಟುತ್ತದೆ. ಕೋಡಿಬಾಗದಂತಹ, ಒಂದೆಡೆ ಕಾಳಿ ನದಿ ಇನ್ನೊಂದೆಡೆ ಕಡಲು ಇರುವ ಜಾಗದಲ್ಲಿ ಇದು ಹೊಸದೇನಲ್ಲ.

ಮೊದಲು ಬ್ಯಾಟರಿಯ ಮೈನಸ್ ಕಳಚಿ. ಹಳದಿ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ. ಹಸಿರು ಒಳಗೆ ದೂರ ಹೋಗಿದ್ದರೆ ಅಷ್ಟು ತುಂಡನ್ನೇ ಬದಲಿಸಿ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ಒತ್ತಿ ಜೋಡಿಸಿ), ಒಳಗೆ ಅಂಟು ಬಳಿದಿರುವ, ಕಾಯಿಸಿದರೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿ. ಬೆಸುಗೆ ಹಾಕಬಾರದೆಂದಲ್ಲ, ಆದರೆ ಬೆಸುಗೆ ಮುಗಿಯುವಲ್ಲಿ ತಂತಿ ಬಿರುಸಾಗಿ, ಆಧಾರವಿಲ್ಲದಿದ್ದರೆ ಅದುರಾಟಕ್ಕೆ ಮುರಿಯುತ್ತದೆ. ಡಿಕ್ಕಿಯಲ್ಲಿ ಹೊಸ ಜಾಗ ಆರಿಸಿ, ಬರಿಯ ಲೋಹ ಕಾಣುವಂತೆ ಬಣ್ಣ ಕೆರೆದು, ತಂತಿಯ ತುದಿಗೆ ರಿಂಗ್ ಲಗ್ (ಉಂಗುರದಾಕಾರದ ಲೋಹದ ತುದಿ) ಮತ್ತು ಹಲ್ಲಿನ ವಾಷರ್ ಹಾಕಿ ನಟ್ಟು ಬೋಲ್ಟಿನಿಂದ ಬಿಗಿಯಿರಿ, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಅಥವಾ ಬಣ್ಣ ಬಳಿಯಿರಿ. ಸೀಟ್‌ಬೆಲ್ಟಿನ ಬೋಲ್ಟಿಗೆ ಮಾತ್ರ ಅರ್ಥ್ ಸಿಕ್ಕಿಸಬೇಡಿ. ಎಷ್ಟೋ ಮಂದಿ ಸುಲಭವೆಂದು ಹಾಗೆ ಮಾಡುತ್ತಾರೆ, ಅದು ಜೀವದ ವಿಷಯ. ಅರ್ಥ್ ತಂತಿ ಪ್ಲಸ್ ತಂತಿಯಷ್ಟೇ ದಪ್ಪವಿರಲಿ, ಉದ್ದ 45 ಸೆಂಟಿಮೀಟರ್ ಮೀರದಿರಲಿ. ತೇವ ಎಲ್ಲಿಂದ ಬರುತ್ತಿದೆ ಎಂದು ಡಿಕ್ಕಿಯ ರಬ್ಬರನ್ನೂ ಪರೀಕ್ಷಿಸಿ.

ಇದಾದ ಮೇಲೂ ಕೆಂಪು ದೀಪ ಹೊತ್ತಿದರೆ ಸ್ಪೀಕರ್ ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಡಿಸಿ ನೋಡಿ. ದೀಪ ಆರಿದರೆ ದೋಷ ಸ್ಪೀಕರಿನ ಕಡೆಗಿದೆ. 4 ಓಮ್ ಸ್ಪೀಕರ್ ಮೀಟರಿನಲ್ಲಿ ನಾಲ್ಕಕ್ಕಿಂತ ತುಸು ಕಡಿಮೆ ತೋರಿಸಬೇಕು, ಅದರ ತಂತಿಗೂ ಕಾರಿನ ಬಾಡಿಗೂ ಸಂಪರ್ಕವೇ ಇರಬಾರದು.

ಫಿಲ್ಟರಿನ ವಿಷಯ: ಪ್ಲಸ್ ತಂತಿಗೆ ಹಾಕುವ ಫಿಲ್ಟರು ಆರ್‌ಸಿಎ ಕವಚದಲ್ಲಿ ಹರಿಯುವ ಕರೆಂಟನ್ನು ತಡೆಯುವುದಿಲ್ಲ, ಆ ಕರೆಂಟನ್ನು ತಡೆಯಲೆಂದು ಆರ್‌ಸಿಎಗೆ ಹಾಕುವ ಅಗ್ಗದ ಐಸೊಲೇಟರು ಹಾಡಿನ ಬೇಸ್ (ತಗ್ಗು ಸ್ವರ) ಅನ್ನೇ ನುಂಗುತ್ತದೆ.

ಶಿರಸಿಯಿಂದ ಇನ್ನೊಬ್ಬರು:
ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಕಾರನ್ನು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತದೆ. ಕೀಲಿ ಇಲ್ಲದೆಯೂ ಹಾಡು ಬರಲೆಂದು ಕೆಂಪು ಮತ್ತು ಹಳದಿ ತಂತಿಗಳನ್ನು ಸೇರಿಸಿಕೊಟ್ಟಿದ್ದಾರೆ. ಕಾರಣ ಅದೇ ಇರಬಹುದೇ?

ಉತ್ತರ:
ಇರಬಹುದು. ಹಾಗೆ ಸೇರಿಸಿದಾಗ ಸೆಟ್ ಪೂರ್ತಿ ಮಲಗುವುದಿಲ್ಲ, ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ತಂತಿಯೂ ಜೀವಂತವಿರಬಹುದು. ಮೀಟರನ್ನು 10 ಆಂಪಿಯರಿಗೆ ಇಟ್ಟು, ಬ್ಯಾಟರಿಯ ಮೈನಸ್ ಕಂಬ ಮತ್ತು ಕಳಚಿದ ತಂತಿಯ ನಡುವೆ ಜೋಡಿಸಿ, ಕಾರಿಗೆ ಬೀಗ ಹಾಕಿ ಅರ್ಧ ಗಂಟೆ ಕಾದು ನೋಡಿ. ಜೋಡಿಸಿದ ಮೇಲೆ ಕೀಲಿ ಮಾತ್ರ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 50 ಮಿಲಿಆಂಪಿಯರಿನೊಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಸೋರುತ್ತದೆ. ಸಣ್ಣ ಕಾರಿನ ಬ್ಯಾಟರಿಗೆ ಮೂರು ದಿನವೇ ಹೆಚ್ಚು. ಕೆಂಪು ತಂತಿಯನ್ನು ಅದರ ಮೂಲ ಜಾಗಕ್ಕೇ ಮರಳಿಸಿ.

ಪ್ರಶ್ನೆ ಕೇಳಿದವರು:
ಎರಡೂ ಜೋಡಣೆಗಳನ್ನು ಸರಿಪಡಿಸಿದೆ ಸರ್. ಡಿಕ್ಕಿಯಲ್ಲಿ ಈಗ 0.04, ಹಳದಿ ತಂತಿಯಲ್ಲಿ 0.1. ಕೀರಲು ಸದ್ದಿಲ್ಲ, ಕೆಂಪು ದೀಪವೂ ಹೊತ್ತಲಿಲ್ಲ. ಬ್ಯಾಟರಿಯ ಹತ್ತಿರ ಫ್ಯೂಸ್ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಉತ್ತರ:
ಹಾಗಿದ್ದರೆ ಆಂಪ್ಲಿಫೈಯರಿನ ಪ್ಲಸ್ ತಂತಿಯನ್ನು ಇವತ್ತೇ ಬ್ಯಾಟರಿಯಿಂದ ಬಿಡಿಸಿ, ತುದಿಗೆ ಟೇಪ್ ಸುತ್ತಿಡಿ. ಆ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎಲ್ಲಾದರೂ ಅದು ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ, ತಂತಿಯ ದಪ್ಪಕ್ಕೆ ತಕ್ಕ ಫ್ಯೂಸ್ ಹಾಕಿಸಿಕೊಂಡ ಮೇಲೆಯೇ ಮತ್ತೆ ಜೋಡಿಸಿ.